ಆರು ರುಚಿ, ಐವತ್ತೇಳು ಬಾಜಿ

ನಮ್ಮ ದೇಶದ ರೇಸ್‌ಕೋರ್ಸುಗಳಲ್ಲಿ ಟನಾಲಾ ಎಂಬ ಬಾಜಿಯೊಂದಿದೆ. ಓಟದಲ್ಲಿ ಮೊದಲ ಮೂರು ಸ್ಥಾನ ಯಾವ ಕುದುರೆಗಳಿಗೆ ಸಿಗುತ್ತವೆ ಎಂಬುದನ್ನು ಅದೇ ಕ್ರಮದಲ್ಲಿ ಹೇಳಬೇಕು. ರೇಸ್ ಪುಸ್ತಕ ಓದಿ ಮೂರು ಕುದುರೆಗಳನ್ನು ಆರಿಸಿಕೊಂಡವರಿಗೆ ಯಾವುದು ಮುಂದೆ, ಯಾವುದು ಹಿಂದೆ ಎಂಬ ಅನುಮಾನ ಉಳಿದೇ ಇರುತ್ತದೆ. ಹಾಗಾಗಿ ಈ ಮೂರೂ ಯಾವ ಕ್ರಮದಲ್ಲಿ ಬಂದರೂ ಸರಿ ಎಂದು ಕಟ್ಟುತ್ತಾರೆ. ಒಂದು ಟಿಕೆಟ್ಟಿಗೆ 10 ರೂಪಾಯಿ ಎಂದಿಟ್ಟುಕೊಂಡರೆ, ಕಿಟಕಿಯಲ್ಲಿ ಕೊಡಬೇಕಾದದ್ದು 60 ರೂಪಾಯಿ. ಇನ್ನೊಂದು ಕುದುರೆ ಇರಲಿ ಎಂದು ನಾಲ್ಕನೆಯದನ್ನು ಸೇರಿಸಿದರೆ 240. ಐದಕ್ಕೆ 600, ಆರಕ್ಕೆ 1,200. ಕುದುರೆಗಳು ಮೂರರಿಂದ ಆರಾದವು, ಬೆಲೆ ಮಾತ್ರ ಇಪ್ಪತ್ತು ಪಟ್ಟಾಯಿತು.

ಕೈಗೆ ಬರುವುದು ಒಂದೇ ಚೀಟಿ. ಆದರೆ ಅದರೊಳಗೆ ಅಡಗಿರುವುದು ಒಂದು ಬಾಜಿಯಲ್ಲ. ಒಟ್ಟಿಗೆ ಕಟ್ಟಿದ ಬಾಜಿಗಳ ಗಂಟು. ಗಂಟಿನಲ್ಲಿ ಎಷ್ಟಿವೆ ಎಂದು ಎಣಿಸಿದರೆ ಬೆಲೆ ತಾನಾಗಿಯೇ ಗೊತ್ತಾಗುತ್ತದೆ. ಎಣಿಸದವರು ಒಂದು ಚೀಟಿ ಕೊಂಡೆ ಎಂದೇ ತಿಳಿಯುತ್ತಾರೆ, ಅದರಲ್ಲಿ ಗೆಲ್ಲಬಹುದಾದದ್ದು ಒಂದೇ ಒಂದು ಎಂಬುದನ್ನು ಮರೆಯುತ್ತಾರೆ. ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಮನೆ ಕಳೆದುಕೊಂಡರು ಎಂಬ ಮಾತನ್ನು ಹಳೆಯ ಮೈಸೂರು ಸೀಮೆಯಲ್ಲಿ ಬೆಳೆದವರೆಲ್ಲ ಕೇಳಿರುತ್ತೇವೆ. ಆ ಮಾತಿನಲ್ಲಿರುವ ಭಯ ನಿಜವಾದದ್ದು. ಆದರೆ ನಷ್ಟ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಎಣಿಕೆ ಹೇಳುತ್ತದೆ.

ಮೂರು ಕುದುರೆಗಳ ಟನಾಲಾದಲ್ಲಿ ಮೊದಲ ಸ್ಥಾನಕ್ಕೆ ಮೂರು ಆಯ್ಕೆ. ಅದು ತುಂಬಿದ ಮೇಲೆ ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಉಳಿದದ್ದು ಒಂದೇ. ಮೂರು ಗುಣಿಸು ಎರಡು ಗುಣಿಸು ಒಂದು, ಆರು. ಆರು ಕುದುರೆಗಳಾದರೆ ಆರು ಗುಣಿಸು ಐದು ಗುಣಿಸು ನಾಲ್ಕು, 120. ನಮ್ಮ ಶಾಲೆಯ ಪುಸ್ತಕಗಳು ಇದನ್ನು ಕ್ರಮಯೋಜನೆ ಎನ್ನುತ್ತವೆ. ಕ್ವಿನೆಲಾ ಎಂಬ ಇನ್ನೊಂದು ಬಾಜಿಯಲ್ಲಿ ಮೊದಲ ಎರಡು ಕುದುರೆಗಳನ್ನು ಹೇಳಿದರೆ ಸಾಕು, ಯಾವುದು ಮೊದಲು ಎಂಬುದು ಬೇಕಿಲ್ಲ. ಇಲ್ಲಿ ‘ಐದು–ಎರಡು’ ಮತ್ತು ‘ಎರಡು–ಐದು’ ಒಂದೇ ಆದ್ದರಿಂದ ಬಂದ ಗುಣಲಬ್ಧವನ್ನು ಎರಡರಿಂದ ಭಾಗಿಸಬೇಕು. ಆರು ಕುದುರೆಗಳಿಗೆ 30 ಅಲ್ಲ, 15 ಟಿಕೆಟ್. ಇದು ವಿಕಲ್ಪ. ಹತ್ತನೆಯ ತರಗತಿಯಲ್ಲಿ ಈ ಎರಡರ ನಡುವೆ ತಡವರಿಸಿದವರಿಗೂ, ಒಂದೊಂದು ಟಿಕೆಟ್ಟಿಗೆ ದುಡ್ಡು ತೆರಬೇಕಾದಾಗ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಸ್ವಲ್ಪ ಎಚ್ಚರ ಬೇಕಾದ ಲೆಕ್ಕ ಇನ್ನೊಂದಿದೆ. ಮೊದಲ ಸ್ಥಾನಕ್ಕೆ ಎರಡು ಕುದುರೆಗಳನ್ನು ಮಾತ್ರ ಒಪ್ಪುತ್ತೇನೆ. ಎರಡನೆಯದಕ್ಕೆ ಆ ಎರಡರ ಜೊತೆ ಇನ್ನೆರಡು. ಮೂರನೆಯದಕ್ಕೆ ಆ ನಾಲ್ಕರ ಜೊತೆ ಇನ್ನೂ ಎರಡು ಎಂದುಕೊಳ್ಳಿ. 2, 4, 6 ಎಂದು ಗುಣಿಸಿ 48 ಎನ್ನುವುದು ಮೊದಲು ಹೊಳೆಯುವ ಉತ್ತರ. ಅದು ತಪ್ಪು, ಏಕೆಂದರೆ ಮೊದಲು ಬಂದ ಕುದುರೆಯೇ ಎರಡನೆಯದಾಗಿಯೂ ಬರಲಾರದು. ಎರಡನೆಯ ಸ್ಥಾನಕ್ಕೆ ಉಳಿಯುವುದು ಮೂರು, ಮೂರನೆಯದಕ್ಕೆ ನಾಲ್ಕು. ಒಟ್ಟು 24. ನಾಲ್ಕು ಕುದುರೆಗಳನ್ನು ಎಲ್ಲ ಕ್ರಮದಲ್ಲೂ ಕಟ್ಟಿದಾಗ ಆಗುವ ಖರ್ಚೂ ಇಷ್ಟೇ. ಅದೇ ಹಣಕ್ಕೆ ಇಲ್ಲಿ ಆರು ಕುದುರೆಗಳು ಲೆಕ್ಕಕ್ಕೆ ಬಂದವು. ಬದಲಿಗೆ ಮೊದಲ ಸ್ಥಾನದ ಆಯ್ಕೆ ಕಿರಿದಾಯಿತು. ಖರ್ಚನ್ನು ಹೀಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಬಹುದು, ಇಲ್ಲವಾಗಿಸಲು ಬರುವುದಿಲ್ಲ.

ಹೀಗೆ ಆರಿಸುವ ಬಗೆಗಳನ್ನು ಎಣಿಸಲು ಸಾಮಾನ್ಯ ಸೂತ್ರ ಕೊಟ್ಟವರಲ್ಲಿ ಬಹಳ ಮುಂಚಿನವನು ನಮ್ಮ ನೆಲದವರಿಗೆ ಹತ್ತಿರದವನು. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳು ಎಷ್ಟು ಎಂದು ತಿಳಿಯಲು ಮಹಾವೀರ ಹೇಳಿಕೊಡುವ ದಾರಿ ಸರಳವಾಗಿದೆ: ಒಟ್ಟು ಸಂಖ್ಯೆಯಿಂದ ಇಳಿಯುತ್ತಾ ಬರುವ ಅಂಕಿಗಳನ್ನು ಗುಣಿಸಬೇಕು, ಒಂದರಿಂದ ಏರುತ್ತಾ ಹೋಗುವ ಅಂಕಿಗಳ ಗುಣಲಬ್ಧದಿಂದ ಭಾಗಿಸಬೇಕು. ಆರರಲ್ಲಿ ಮೂರನ್ನು ಆರಿಸಬೇಕೆಂದರೆ ಮೇಲೆ 6, 5, 4. ಕೆಳಗೆ 1, 2, 3. ನೂರಿಪ್ಪತ್ತನ್ನು ಆರರಿಂದ ಭಾಗಿಸಿದರೆ ಇಪ್ಪತ್ತು. ಇಂದಿಗೂ ತರಗತಿಗಳಲ್ಲಿ ಕಲಿಸುವ ಸೂತ್ರ ಇದೇ.

ಅವನು ಕೊಡುವ ಉದಾಹರಣೆ ಅಡುಗೆಮನೆಯದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ, ಈ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಒಂದೊಂದೇ ಆದರೆ ಆರು, ಎರಡೆರಡು ಬೆರೆತರೆ ಹದಿನೈದು, ಮೂರು ಮೂರಾದರೆ ಇಪ್ಪತ್ತು, ನಾಲ್ಕು ನಾಲ್ಕಕ್ಕೆ ಮತ್ತೆ ಹದಿನೈದು, ಐದೈದಕ್ಕೆ ಆರು, ಎಲ್ಲವೂ ಸೇರಿದ್ದು ಒಂದು. ಒಟ್ಟು 63. ಸುಶ್ರುತ ಸಂಹಿತೆಯಲ್ಲೂ ರಸಗಳ ಬೆರಕೆಯ ಲೆಕ್ಕ ಇದೇ 63ಕ್ಕೆ ಬಂದು ನಿಲ್ಲುತ್ತದೆ. ಬೇಗ ಲೆಕ್ಕ ಹಾಕುವ ಬಗೆಯೂ ಇದೆ. ಪ್ರತಿ ರುಚಿಯೂ ಇರಬಹುದು ಅಥವಾ ಇಲ್ಲದಿರಬಹುದು, ಅಂದರೆ ಎರಡೇ ಸಾಧ್ಯತೆ. ಎರಡನ್ನು ಆರು ಸಲ ಗುಣಿಸಿದರೆ 64. ಯಾವ ರುಚಿಯೂ ಇಲ್ಲದ ಒಂದನ್ನು ಬಿಟ್ಟರೆ 63.

ಇಂಗ್ಲೆಂಡಿನ ಬಾಜಿ ಅಂಗಡಿಗಳಲ್ಲಿ ‘ಲಕ್ಕಿ 63’ ಎಂಬ ಬಾಜಿ ಮಾರಾಟವಾಗುತ್ತದೆ. ಆರು ಬೇರೆಬೇರೆ ಓಟಗಳಿಂದ ಒಂದೊಂದು ಕುದುರೆ ಆರಿಸಿ, ಅವುಗಳ ಎಲ್ಲ ಬೆರಕೆಗಳ ಮೇಲೂ ಹಣ ಕಟ್ಟುವುದು. ಮಹಾವೀರನ ಆರು ರುಚಿಗಳ ಜಾಗದಲ್ಲಿ ಆರು ಕುದುರೆ, ಅಷ್ಟೇ. ಒಂಟಿ ಕುದುರೆಗಳ ಆರು ಬಾಜಿಗಳನ್ನು ತೆಗೆದುಹಾಕಿದರೆ 57 ಉಳಿಯುತ್ತದೆ. ಅದರ ಹೆಸರು ಹೈಂಜ್. ಟೊಮೆಟೊ ಕೆಚಪ್ ಮಾರುವ ಹೈಂಜ್ ಕಂಪನಿ ತನ್ನಲ್ಲಿ 57 ಬಗೆಯ ತಿನಿಸುಗಳಿವೆ ಎಂದು ಜಾಹೀರಾತು ಮಾಡುತ್ತಿದ್ದುದರಿಂದ ಬಂದ ಹೆಸರು ಅದು. ಮಳಖೇಡದ ರುಚಿಗಳ ಲೆಕ್ಕವೂ ಇಂಗ್ಲೆಂಡಿನ ಕುದುರೆಗಳ ಲೆಕ್ಕವೂ ಹೀಗೆ ಊಟದ ತಟ್ಟೆಯ ಬಳಿಯೇ ಭೇಟಿಯಾಗುವುದನ್ನು ಕಂಡಾಗ ನನಗೆ ಬಹಳ ಸಂತೋಷವಾಗುತ್ತದೆ.

ಈ ಕುಟುಂಬದ ಬಾಜಿಗಳಿಗೆಲ್ಲ ಒಂದೊಂದು ಹೆಸರಿದೆ. ಮೂರು ಕುದುರೆಗಳ ಟ್ರಿಕ್ಸಿಯಲ್ಲಿ 4 ಬಾಜಿ, ನಾಲ್ಕರ ಯಾಂಕಿಯಲ್ಲಿ 11, ಐದರ ಕೆನೇಡಿಯನ್‌ನಲ್ಲಿ 26, ಆರರ ಹೈಂಜ್‌ನಲ್ಲಿ 57, ಏಳರ ಸೂಪರ್ ಹೈಂಜ್‌ನಲ್ಲಿ 120, ಎಂಟರ ಗೋಲಿಯಾತ್‌ನಲ್ಲಿ 247. ಒಂದು ಕುದುರೆ ಹೆಚ್ಚಾದಂತೆಲ್ಲ ಬೆಲೆ ಇಮ್ಮಡಿಗೂ ಮೀರಿ ಏರುತ್ತದೆ. ಒಂದು ಪೌಂಡಿನ ಯಾಂಕಿ ಎಂದು ಬರೆದುಕೊಟ್ಟವರು ಕೊಡಬೇಕಾದದ್ದು 11 ಪೌಂಡು. ಗೆಲುವಿಗೆ ಒಂದು, ಸ್ಥಾನಕ್ಕೆ ಒಂದು ಎಂದು ಎರಡೂ ಬಗೆಯಲ್ಲಿ ಕಟ್ಟಿದರೆ 22.

ಯಾಂಕಿಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮೋಸ ಹೋಗುವುದು ಇಲ್ಲಿಯೇ. ನಾಲ್ಕೂ ಕುದುರೆಗಳ ದರ ಒಂದಕ್ಕೊಂದು ಎಂದಿರಲಿ; ಗೆದ್ದರೆ ಒಂದು ಪೌಂಡಿಗೆ ಎರಡು ಪೌಂಡು ವಾಪಸ್ಸು. ನಾಲ್ಕರಲ್ಲಿ ಎರಡು ಗೆದ್ದವು. ಅರ್ಧಕ್ಕರ್ಧ ಸರಿಯಾಗಿ ಊಹಿಸಿದ ಈ ಮನುಷ್ಯ ಖುಷಿಪಡಬೇಕಲ್ಲವೇ? ಹನ್ನೊಂದು ಬಾಜಿಗಳಲ್ಲಿ ಆ ಎರಡೂ ಕುದುರೆಗಳು ಮಾತ್ರ ಇರುವ ಜೋಡಿ ಒಂದೇ. ಅದಕ್ಕೆ 4 ಪೌಂಡು ಬರುತ್ತದೆ. ಉಳಿದ ಹತ್ತು ಬಾಜಿಗಳೂ ಸತ್ತವು. ಕೊಟ್ಟದ್ದು 11, ಬಂದದ್ದು 4. ಮೂರು ಗೆದ್ದರೆ ಮೂರು ಜೋಡಿಗಳಿಂದ 12, ಒಂದು ತ್ರಿವಳಿಯಿಂದ 8, ಒಟ್ಟು 20. ನಾಲ್ಕೂ ಗೆದ್ದರೆ 72. ಬೆಲೆಯನ್ನು ಕೇಳುವಾಗಲೇ, ಎಷ್ಟು ಗೆದ್ದರೆ ಕೊಟ್ಟದ್ದು ವಾಪಸ್ಸು ಬರುತ್ತದೆ ಎಂದೂ ಕೇಳಬೇಕು. ಆ ಎರಡನೆಯ ಪ್ರಶ್ನೆಗೆ ಉತ್ತರ ಚೀಟಿಯ ಮೇಲೆ ಅಚ್ಚಾಗಿರುವುದಿಲ್ಲ.

ಇಂಗ್ಲೆಂಡಿನ ಬುಕ್ಕಿ ದರವನ್ನು ಮೊದಲೇ ಹೇಳುತ್ತಾನೆ. ಟನಾಲಾ, ಜಾಕ್‌ಪಾಟ್‌ಗಳದು ಬೇರೆ ವ್ಯವಸ್ಥೆ. ಎಲ್ಲರ ಹಣವನ್ನೂ ಒಂದು ಪೂಲ್‌ಗೆ ಹಾಕಿ, ಕಮಿಷನ್ ಮತ್ತು ತೆರಿಗೆ ಮುರಿದುಕೊಂಡು, ಉಳಿದದ್ದನ್ನು ಗೆದ್ದ ಟಿಕೆಟ್‌ಗಳಿಗೆ ಹಂಚುವುದು. ಪ್ಯಾರಿಸ್ಸಿನ ಜೋಸೆಫ್ ಒಲೆರ್ 1860ರ ದಶಕದಲ್ಲಿ ರೂಪಿಸಿದ ಪದ್ಧತಿ ಇದು. ಓಟ ಶುರುವಾಗುವ ಕೊನೆಯ ಕ್ಷಣದವರೆಗೂ ಟಿಕೆಟ್ ಮಾರಾಟವಾಗುತ್ತಿದ್ದರೆ ಕೂಡುವ ಕೆಲಸ ಮನುಷ್ಯರ ಕೈಗೆ ಮೀರಿದ್ದು. ಆಸ್ಟ್ರೇಲಿಯಾದ ಎಂಜಿನಿಯರ್ ಜಾರ್ಜ್ ಜೂಲಿಯಸ್ ಅದಕ್ಕೊಂದು ಯಂತ್ರ ಕಟ್ಟಿದ. ಅವನು ಮೊದಲು ಯೋಚಿಸಿದ್ದು ಚುನಾವಣೆಯ ಮತ ಎಣಿಸುವ ಯಂತ್ರವನ್ನು; ಸರ್ಕಾರ ಅದನ್ನು ಒಪ್ಪಲಿಲ್ಲ. 1913ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ಬಳಿಯ ಎಲರ್ಸ್ಲಿ ರೇಸ್‌ಕೋರ್ಸಿನಲ್ಲಿ ತಂತಿ, ಗಾಲಿ, ತೂಕದ ಗುಂಡುಗಳ ದೊಡ್ಡ ಟೋಟಲೈಸೇಟರ್ ಓಡತೊಡಗಿತು. ನಾವು ಟೋಟ್ ಎನ್ನುವುದು ಅದರ ಮೊಟಕು ಹೆಸರು.

ಪೂಲ್ ಪದ್ಧತಿಯಲ್ಲಿ ಬೆರಕೆ ಬಾಜಿಯ ಗುಣವೇ ಬದಲಾಗುತ್ತದೆ. ಹತ್ತು ಕುದುರೆಗಳ ಓಟದಲ್ಲಿ ಟನಾಲಾಕ್ಕೆ ಹತ್ತು ಗುಣಿಸು ಒಂಬತ್ತು ಗುಣಿಸು ಎಂಟು, ಅಂದರೆ 720 ಸಾಧ್ಯತೆಗಳು. 7,200 ರೂಪಾಯಿ ಕೊಟ್ಟು ಎಲ್ಲವನ್ನೂ ಕೊಂಡವರ ಗೆಲುವು ಖಚಿತ. ಲಾಭ ಖಚಿತವಲ್ಲ. ಪೂಲ್‌ನಿಂದ ನೂರಕ್ಕೆ ಇಪ್ಪತ್ತು ಮುರಿದುಕೊಳ್ಳುತ್ತಾರೆ ಎಂದಿಟ್ಟುಕೊಂಡರೆ, ಕಟ್ಟಿದವರೆಲ್ಲರ ಕೈಗೂ ಒಟ್ಟಾರೆ ಎಂಬತ್ತು ಮಾತ್ರ ಮರಳುತ್ತದೆ. ಆ ಮುರಿತ ಪ್ರತಿ ಟಿಕೆಟ್ಟಿನ ಮೇಲೂ ಬೀಳುತ್ತದೆ, ಗೆಲ್ಲುವ ಒಂದರ ಮೇಲಷ್ಟೇ ಅಲ್ಲ. ಆರು ಟಿಕೆಟ್ ಕೊಂಡವರು ಆರು ಸಲ ಅದನ್ನು ತೆರುತ್ತಾರೆ, 120 ಕೊಂಡವರು 120 ಸಲ. ಹೆಚ್ಚು ಕುದುರೆಗಳನ್ನು ಸೇರಿಸಿಕೊಂಡಷ್ಟೂ ಕ್ಷೇಮ ಎಂಬ ಭಾವನೆ ಹುಟ್ಟುತ್ತದೆ. ಗೆಲ್ಲುವ ಸಲಗಳು ಹೆಚ್ಚುತ್ತವೆ ನಿಜ. ಆದರೆ ಪ್ರತಿ ರೂಪಾಯಿಗೆ ಮರಳುವ ಪೈಸೆ ಅದರಿಂದ ಹೆಚ್ಚುವುದಿಲ್ಲ. ಭಾರತದಲ್ಲಿ ತೆರಿಗೆಯೂ ಇದಕ್ಕೆ ಸೇರಿಕೊಂಡಿದೆ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ಣ ಮೊತ್ತದ ಮೇಲೆ 28% ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್‌ನಲ್ಲಿ ದರ 40%ಕ್ಕೇರಿತು. ಇಷ್ಟು ಭಾರವನ್ನು ಹೊತ್ತ ಚೀಟಿಯ ಬೆಲೆಯನ್ನು ಲೆಕ್ಕ ಹಾಕದೆ ಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಗಂಟಿನಲ್ಲಿರುವ ಟಿಕೆಟ್‌ಗಳ ಬೆಲೆ ಒಂದೇ ಆದರೂ ಅವು ಗೆಲ್ಲುವ ಸಂಭವನೀಯತೆ ಒಂದೇ ಅಲ್ಲ. 1973ರಲ್ಲಿ ಡೇವಿಡ್ ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಇದಕ್ಕೊಂದು ಸೂತ್ರ ಪ್ರಕಟಿಸಿದ. ಫೇವರಿಟ್ ಕುದುರೆ ಗೆಲ್ಲುವ ಸಂಭವ 40%, ಇನ್ನೊಂದರದು 25%, ಮೂರನೆಯದರದು 15%, ಉಳಿದ 20% ಬೇರೆ ಕುದುರೆಗಳದು ಎನ್ನಿ. ಫೇವರಿಟ್ ಗೆದ್ದಿತು ಎಂದುಕೊಂಡು ಅದನ್ನು ಪಕ್ಕಕ್ಕಿಟ್ಟರೆ, ಉಳಿದ 60ರಲ್ಲಿ ಎರಡನೆಯದರ ಪಾಲು 25. ಅದನ್ನೂ ಪಕ್ಕಕ್ಕಿಟ್ಟರೆ ಉಳಿದ 35ರಲ್ಲಿ ಮೂರನೆಯದರ ಪಾಲು 15. ಮೂರನ್ನೂ ಗುಣಿಸಿದರೆ ಈ ಕ್ರಮಕ್ಕೆ ಸುಮಾರು 7.1%. ಇದೇ ಮೂರು ಕುದುರೆಗಳು ಪೂರ್ತಿ ತಿರುಗುಮುರುಗಾಗಿ ಬರುವ ಸಂಭವ 2.9% ಮಾತ್ರ. ಆರೂ ಕ್ರಮಗಳನ್ನು ಕೂಡಿದರೆ 28.6%. ಅಂದರೆ ಮೂರೂ ಕುದುರೆಗಳನ್ನು ಚೆನ್ನಾಗಿ ಆರಿಸಿದವರು ಕೂಡ ಹತ್ತರಲ್ಲಿ ಏಳು ಸಲ ಅರವತ್ತು ರೂಪಾಯಿ ಬಿಟ್ಟು ಬರುತ್ತಾರೆ. ಫೇವರಿಟ್ ಕುದುರೆಗಳಿಗೆ ಎರಡನೆಯ, ಮೂರನೆಯ ಸ್ಥಾನದಲ್ಲಿ ಈ ಸೂತ್ರ ತುಸು ಹೆಚ್ಚೇ ಅಂಕ ಕೊಡುತ್ತದೆ ಎಂದು ಮುಂದೆ ಓಟಗಳ ಫಲಿತಾಂಶ ಪರಿಶೀಲಿಸಿದವರು ತೋರಿಸಿದರು. ಅದನ್ನು ತಿದ್ದಿ ಬಳಸಿದವರಲ್ಲಿ ಹಾಂಕಾಂಗ್‌ನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ ಅಮೆರಿಕದ ಬಿಲ್ ಬೆಂಟರ್ ಒಬ್ಬ. ಅವನು ಎಲ್ಲ ಬೆರಕೆಗಳನ್ನೂ ಸಾರಾಸಗಟಾಗಿ ಕೊಳ್ಳುತ್ತಿರಲಿಲ್ಲ. ಪ್ರತಿಯೊಂದರ ಸಂಭವವನ್ನೂ ಬೇರೆಬೇರೆ ಲೆಕ್ಕ ಹಾಕಿ, ಬೆಲೆಗೆ ತಕ್ಕ ತೂಕವಿದ್ದವನ್ನು ಮಾತ್ರ ಆರಿಸುತ್ತಿದ್ದ.

ಜಾಕ್‌ಪಾಟ್‌ನಲ್ಲಿ ಲೆಕ್ಕ ಇನ್ನೂ ಸಲೀಸು, ಅಪಾಯ ಇನ್ನೂ ಹೆಚ್ಚು. ಐದು ಓಟಗಳಲ್ಲೂ ಗೆಲ್ಲುವ ಕುದುರೆಯನ್ನು ಹೇಳಬೇಕು. ಒಂದೊಂದು ಓಟಕ್ಕೆ ಎಷ್ಟು ಕುದುರೆಗಳನ್ನು ಬರೆದಿರಿ ಎಂದು ನೋಡಿ, ಅಷ್ಟನ್ನೂ ಗುಣಿಸಿದರಾಯಿತು. 2, 3, 1, 4, 2 ಎಂದರೆ 48 ಟಿಕೆಟ್. ಈಗ ಇನ್ನೊಂದೇ ಒಂದು ಕುದುರೆ ಸೇರಿಸೋಣ. ನಾಲ್ಕು ಇರುವ ಕಡೆ ಸೇರಿಸಿ ಐದು ಮಾಡಿದರೆ 60. ಒಂದೇ ಇರುವ ಕಡೆ ಸೇರಿಸಿ ಎರಡು ಮಾಡಿದರೆ 96. ಒಂದೇ ಕುದುರೆ, ಒಂದು ಕಡೆ 120 ರೂಪಾಯಿ, ಇನ್ನೊಂದು ಕಡೆ 480. ಐದರಲ್ಲಿ ಒಂದು ಓಟದಲ್ಲಾದರೂ ಒಂಟಿ ಕುದುರೆಯನ್ನು ನಂಬಿಕೊಳ್ಳಲು ಅನುಭವಿಗಳು ಹವಣಿಸುವುದು ಇದಕ್ಕಾಗಿಯೇ. ಆ ಒಂದು ಇಡೀ ಗುಣಾಕಾರವನ್ನು ತಗ್ಗಿಸುತ್ತದೆ.

ಈ ಗುಣಾಕಾರವೇ 2002ರಲ್ಲಿ ಅಮೆರಿಕದ ದೊಡ್ಡ ವಂಚನೆಯೊಂದನ್ನು ಎತ್ತಿ ತೋರಿಸಿತು. ಆ ವರ್ಷದ ಅಕ್ಟೋಬರ್ 26ರಂದು ಶಿಕಾಗೊ ಬಳಿಯ ಆರ್ಲಿಂಗ್ಟನ್ ಪಾರ್ಕಿನಲ್ಲಿ ಬ್ರೀಡರ್ಸ್ ಕಪ್ ಓಟಗಳು ನಡೆದವು. ಕೊನೆಯ ಆರು ಓಟಗಳ ಗೆಲ್ಲುವ ಕುದುರೆಗಳನ್ನು ಹೇಳುವ ‘ಪಿಕ್ ಸಿಕ್ಸ್’ ಬಾಜಿಯಲ್ಲಿ ಒಂದು ಟಿಕೆಟ್ಟಿಗೆ 2 ಡಾಲರ್. ಅಂದಿನ ಕೊನೆಯ ಓಟವನ್ನು ಒಂದಕ್ಕೆ ನಲವತ್ತಮೂರೂವರೆ ದರದ ವೋಲ್ಪೋನಿ ಎಂಬ ಕುದುರೆ ಗೆದ್ದಾಗ, ಆರನ್ನೂ ಸರಿಯಾಗಿ ಹೇಳಿದ ಟಿಕೆಟ್‌ಗಳು ಇಡೀ ದೇಶದಲ್ಲಿ ಉಳಿದದ್ದು ಆರು ಮಾತ್ರ. ಆರೂ ಒಬ್ಬನದೇ. ಒಂದೊಂದಕ್ಕೆ 4,28,392 ಡಾಲರ್.

ಅವನು ಫೋನಿನಲ್ಲಿ ಕಟ್ಟಿದ್ದು 1,152 ಡಾಲರ್. ಮೊದಲ ನಾಲ್ಕು ಓಟಗಳಿಗೆ ಒಂದೊಂದೇ ಕುದುರೆ. ಐದನೆಯದರಲ್ಲಿ ಓಡಿದ ಎಂಟೂ, ಆರನೆಯದರಲ್ಲಿ ಓಡಿದ ಹನ್ನೆರಡೂ. ಎಂಟು ಗುಣಿಸು ಹನ್ನೆರಡು, 96 ಬೆರಕೆ. ಇದಕ್ಕೆ 192 ಡಾಲರ್ ಸಾಕು. ಆದರೆ ಒಂದೊಂದು ಬೆರಕೆಯನ್ನೂ ಆರಾರು ಸಲ ಕೊಂಡಿದ್ದ, ಅಂದರೆ ಒಂದೊಂದಕ್ಕೆ 12 ಡಾಲರ್. ಕುದುರೆಯ ಲೆಕ್ಕ ಬಲ್ಲವರಿಗೆ ಇಲ್ಲಿಯೇ ಅನುಮಾನ ಬಂತು. 1,152 ಡಾಲರಿಗೆ ಎರಡೆರಡು ಡಾಲರಿನ 576 ಬೇರೆಬೇರೆ ಬೆರಕೆಗಳು ಸಿಗುತ್ತಿದ್ದವು. 2, 2, 3, 4, 3, 4 ಎಂದು ಆರೂ ಓಟಗಳಲ್ಲಿ ಹರಡಿಕೊಂಡಿದ್ದರೂ ಸರಿಯಾಗಿ ಅಷ್ಟೇ ಆಗುತ್ತಿತ್ತು. ಅದನ್ನು ಬಿಟ್ಟು, ಒಂದಕ್ಕೆ 26 ದರದ ಡೋಮ್‌ಡ್ರೈವರ್‌ನಂಥ ಕುದುರೆಯನ್ನೂ ಒಂಟಿಯಾಗಿ ನಂಬಿ, ಕೊನೆಯ ಎರಡು ಓಟಗಳಲ್ಲಿ ಮಾತ್ರ ಯಾವುದನ್ನೂ ನಂಬದೆ, ಅದೇ ಊಹೆಯನ್ನು ಆರು ಸಲ ಕೊಳ್ಳುವವನ ಮನಸ್ಸು ಎಂಥದು? ಮೊದಲ ನಾಲ್ಕರ ಫಲಿತಾಂಶ ತಿಳಿದಿದ್ದು ಉಳಿದೆರಡರದು ತಿಳಿಯದವನ ಚೀಟಿ ಹೇಗಿರಬೇಕೋ ಅದು ಹಾಗೆಯೇ ಇತ್ತು.

ನಡೆದದ್ದೂ ಅದೇ. ಹೊರಗಿನ ಕೇಂದ್ರಗಳಲ್ಲಿ ಕಟ್ಟಿದ ಪಿಕ್ ಸಿಕ್ಸ್ ಬಾಜಿಗಳ ಪೂರ್ತಿ ವಿವರ ರೇಸ್‌ಕೋರ್ಸಿಗೆ ಹೋಗುತ್ತಿದ್ದುದು ನಾಲ್ಕನೆಯ ಓಟ ಮುಗಿದ ಮೇಲೆ. ಲಕ್ಷಾಂತರ ಬೆರಕೆಗಳನ್ನು ಮೊದಲೇ ಕಳಿಸಿದರೆ ತಂತಿಗಳ ಮೇಲೆ ಹೊರೆ ಎಂದು ಹಾಗೆ ಏರ್ಪಡಿಸಿದ್ದರು. ಟೋಟ್ ಯಂತ್ರಗಳನ್ನು ನಡೆಸುವ ಆಟೋಟೋಟ್ ಕಂಪನಿಯ ಪ್ರೋಗ್ರಾಮರ್ ಕ್ರಿಸ್ ಹಾರ್ನ್ ಆ ನಡುವಿನ ಹೊತ್ತಿನಲ್ಲಿ ಕಂಪ್ಯೂಟರ್ ಹೊಕ್ಕು, ಕಾಲೇಜಿನ ಗೆಳೆಯನೊಬ್ಬನ ಹೆಸರಿನಲ್ಲಿದ್ದ ಚೀಟಿಯಲ್ಲಿ ಗೆದ್ದ ನಾಲ್ಕು ಕುದುರೆಗಳನ್ನು ತುಂಬಿದ. ಕೊನೆಯ ಓಟವನ್ನು ಫೇವರಿಟ್ ಗೆದ್ದಿದ್ದರೆ ಬೇರೆಯವರ ಟಿಕೆಟ್‌ಗಳ ನಡುವೆ ಇದು ಕಾಣದೆ ಹೋಗುವ ಸಾಧ್ಯತೆಯಿತ್ತು. ವೋಲ್ಪೋನಿ ಗೆದ್ದು ಅವರ ಚೀಟಿಯನ್ನು ಒಂಟಿಯಾಗಿ ನಿಲ್ಲಿಸಿತು. ಹಾರ್ನ್ ಮತ್ತು ಅವನ ಇಬ್ಬರು ಗೆಳೆಯರು ತಪ್ಪೊಪ್ಪಿಕೊಂಡು ಜೈಲಿಗೆ ಹೋದರು.

ಆರರಲ್ಲಿ ಐದು ಸರಿಯಾದವರಿಗೆ ಸಮಾಧಾನಕರ ಬಹುಮಾನ 4,606 ಡಾಲರ್ 20 ಸೆಂಟ್. ಆ ಬಗೆಯ ಟಿಕೆಟ್‌ಗಳು ದೇಶದಾದ್ಯಂತ 186 ಇದ್ದವು. ಅವುಗಳಲ್ಲಿ ಈ ಚೀಟಿಯವು ಎಷ್ಟು ಎಂದು ಈಗ ನಾವೇ ಎಣಿಸಬಹುದು. ನಾಲ್ಕು ಓಟಗಳು ಸರಿಯಾಗಿಯೇ ಇದ್ದುದರಿಂದ ತಪ್ಪಬೇಕಾದದ್ದು ಐದನೆಯದು ಇಲ್ಲವೇ ಆರನೆಯದು. ಐದನೆಯ ಓಟದಲ್ಲಿ ಸೋತ ಏಳು ಕುದುರೆಗಳ ಜೊತೆಗೆ ವೋಲ್ಪೋನಿ, 7 ಬೆರಕೆ. ಐದನೆಯದನ್ನು ಗೆದ್ದ ಹೈ ಚಾಪರಲ್ ಜೊತೆಗೆ ಕೊನೆಯ ಓಟದಲ್ಲಿ ಸೋತ ಹನ್ನೊಂದು, 11 ಬೆರಕೆ. ಒಟ್ಟು 18, ಒಂದೊಂದೂ ಆರಾರು ಸಲ, 108. ಆರು ದೊಡ್ಡ ಬಹುಮಾನವೂ ಈ 108ರ ಮೊತ್ತವೂ ಸೇರಿ ಆ ಒಂದು ಚೀಟಿಗೆ ಬರಬೇಕಿದ್ದದ್ದು 30,67,821 ಡಾಲರ್. ಅದನ್ನು ತಡೆಹಿಡಿದರು. 186ರಲ್ಲಿ 108 ಕಳೆದರೆ ಉಳಿಯುವ 78 ಟಿಕೆಟ್‌ಗಳು ಪ್ರಾಮಾಣಿಕವಾಗಿ ಕಟ್ಟಿದವರವು, ಆರರಲ್ಲಿ ಒಂದು ತಪ್ಪಿದವು. ಪೂಲ್‌ನ ಹಣ ಕೊನೆಗೆ ಸೇರಿದ್ದು ಅವರಿಗೆ, ಮೊದಲು ಸಿಕ್ಕಿದ್ದರ ಮೇಲೆ ಒಂದೊಂದು ಟಿಕೆಟ್ಟಿಗೆ ಸುಮಾರು 39,330 ಡಾಲರ್.